ಥಾರ್ ಅಂದರೆ ನಾಲ್ಕೂ ಚಕ್ರ ಎಳೆಯುತ್ತವಾ? ಕೊಳ್ಳುವ ಮೊದಲು ಗೇರ್ ಪಕ್ಕ ನೋಡಿ

"ಥಾರ್ ಇದ್ದರೆ ಎಲ್ಲಿ ಬೇಕಾದರೂ ಹತ್ತುತ್ತೆ" ಎಂಬ ಮಾತು ಕೆಸರಿಗೆ ನುಗ್ಗುವ ವಿಡಿಯೋಗಳ ಜೊತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ದಾರಿಗಳು ಕೂಡುವ ರಿಪ್ಪನ್‌ಪೇಟೆ ಸುತ್ತಮುತ್ತ ಇದು ಬರೀ ಶೋಕಿಯ ವಿಷಯವಲ್ಲ. ಮಳೆಗಾಲದ ರಾತ್ರಿ ತೋಟದ ಮನೆಯಿಂದ ಆಸ್ಪತ್ರೆಗೆ ಹೊರಟರೂ ಅದೇ ಜಾರು ಮಣ್ಣಿನ ದಾರಿ ಹತ್ತಬೇಕು.

ಥಾರ್ ಹೆಸರಿನಲ್ಲಿ ಮಹೀಂದ್ರ ಮಾರುವುದು ಒಂದೇ ಗಾಡಿಯಲ್ಲ. 2020ರ ಮೂರು ಬಾಗಿಲಿನ ಥಾರ್ ಫೋರ್ ಬೈ ಫೋರ್ ಆಗಿಯೇ ಬಂದಿತ್ತು. 2023ರ ಜನವರಿಯಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಅಗ್ಗದ ಮಾದರಿ ಸೇರಿತು. 2024ರ ಆಗಸ್ಟಿನಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂತು. ಅದರಲ್ಲೂ ಎರಡೂ ಬಗೆ ಇವೆ, ಆದರೆ ಫೋರ್ ಬೈ ಫೋರ್ ಕೊಟ್ಟದ್ದು ಡೀಸೆಲ್‌ಗೆ ಮಾತ್ರ.

ಬೆಲೆಯ ಅಂತರಕ್ಕೆ ತೆರಿಗೆಯೂ ಒಂದು ಕಾರಣ. ಗಾಡಿ 4 ಮೀಟರ್ ಒಳಗಿದ್ದು ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18%, ಮೀರಿದರೆ 40%. ಎರಡು ಚಕ್ರ ಎಳೆಯುವ ಮೂರು ಬಾಗಿಲಿನ ಡೀಸೆಲ್ ಥಾರ್‌ಗೆ 1.5 ಲೀಟರ್ ಎಂಜಿನ್, ಫೋರ್ ಬೈ ಫೋರ್ ಡೀಸೆಲ್‌ಗೆ 2.2 ಲೀಟರ್. ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಮೊದಲನೆಯದೇ ಧಾರಾಳ ಸಾಕು ಎನ್ನುವುದು ನಮ್ಮ ಅಭಿಪ್ರಾಯ.

ಜೇಡಿ ಮಣ್ಣಿನ ಏರಿನಲ್ಲಿ ಮಾತ್ರ ಕಥೆ ಬೇರೆ. ಹಿಂದಿನ ಚಕ್ರಗಳು ಜಾರಿ ಸುಮ್ಮನೆ ಸುತ್ತತೊಡಗಿದರೆ ಎಂಜಿನ್ ಎಷ್ಟೇ ದೊಡ್ಡದಿದ್ದರೂ ಗಾಡಿ ನಿಂತಲ್ಲೇ. ಫೋರ್ ಬೈ ಫೋರ್‌ನಲ್ಲಿ ಮುಂದಿನ ಚಕ್ರಗಳೂ ಎಳೆಯುತ್ತವೆ. '4 ಎಲ್' ಹಾಕಿದರೆ ವೇಗ ತಗ್ಗಿ, ಚಕ್ರಕ್ಕೆ ಸಿಗುವ ತಿರುಚುವ ಬಲ ಹೆಚ್ಚುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುವುದರಿಂದ ಬ್ರೇಕಿನ ಮೇಲಿನ ಹೊರೆಯೂ ಇಳಿಯುತ್ತದೆ. ಇದನ್ನು ಒಣ ಡಾಂಬರಿನ ಮೇಲೆ ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕು. ಹಾಗಾಗದೆ ಒಳಗಿನ ಭಾಗಗಳು ಬಿಗಿದುಕೊಳ್ಳುತ್ತವೆ.

ಹಾಗಾದರೆ ದುಡ್ಡಿದ್ದವರು ದೊಡ್ಡ ರಾಕ್ಸ್ ಫೋರ್ ಬೈ ಫೋರ್ ತಗೊಂಡರೆ ಮುಗಿಯಿತಾ? ಇಲ್ಲ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಥಾರ್‌ನಲ್ಲಿ 2450 ಮಿ.ಮೀ., ರಾಕ್ಸ್‌ನಲ್ಲಿ 2850. ಮನೆಮಂದಿ ಕೂರಲು ರಾಕ್ಸ್ ಆರಾಮ. ಆದರೆ ಚೂಪು ದಿಬ್ಬ ದಾಟುವಾಗ ಉದ್ದ ಗಾಡಿಯ ಹೊಟ್ಟೆ ಬೇಗ ನೆಲ ಮುಟ್ಟುತ್ತದೆ, ಕಿರಿದಾದ ತಿರುವಿನಲ್ಲಿ ಹೆಚ್ಚು ಜಾಗ ಬೇಡುತ್ತದೆ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಬಾಡಿಗೆ ಜೀಪುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಗಾಡಿಯಷ್ಟೇ ಕೆಲಸ ಮಾಡುವುದು ಒಂದೊಂದು ಕಲ್ಲನ್ನೂ ಬಲ್ಲ ಡ್ರೈವರ್.

ಇನ್ನೊಂದು ತಪ್ಪು ನಂಬಿಕೆ: ಫೋರ್ ಬೈ ಫೋರ್ ಗಾಡಿ ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುತ್ತದೆ ಎಂಬುದು. ಎಲ್ಲ ಕಾರುಗಳಿಗೂ ಬ್ರೇಕ್ ನಾಲ್ಕು ಚಕ್ರಕ್ಕೇ. ನಿಲ್ಲಿಸುವುದು ಬ್ರೇಕ್ ಮತ್ತು ಟೈರಿನ ಹಿಡಿತ, ಹಾಗಾಗಿ ಸವೆದ ಟೈರಿದ್ದರೆ ಯಾವ ಥಾರ್ ಆದರೂ ಜಾರುತ್ತದೆ. ಹಳ್ಳ ದಾಟುವ ವಿಡಿಯೋ ನೋಡಿ ಹರಿಯುವ ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ಹರಿವಿನ ಸೆಳೆತಕ್ಕೆ ಎಷ್ಟು ಚಕ್ರ ಎಳೆಯುತ್ತಿವೆ ಎಂಬ ಲೆಕ್ಕವಿಲ್ಲ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಹಿಂದೆ ಅಂಟಿಸಿದ ಬ್ಯಾಡ್ಜ್ ನಂಬಬೇಡಿ, ಅದು ಅಂಗಡಿಯಲ್ಲೂ ಸಿಗುತ್ತದೆ. ಬಾಗಿಲು ತೆಗೆದು ಗೇರ್ ಪಕ್ಕ '2 ಎಚ್, 4 ಎಚ್, 4 ಎಲ್' ಎಂದು ಬರೆದ ಇನ್ನೊಂದು ಲಿವರ್ ಇದೆಯೇ ನೋಡಿ. ಇದ್ದರೆ, ಮಣ್ಣಿನ ದಾರಿಯಲ್ಲಿ ಅದನ್ನು ಹಾಕಿಸಿ ಓಡಿಸಿ ನೋಡಿದ ಮೇಲೆಯೇ ಅಡ್ವಾನ್ಸ್ ಕೊಡಿ.