ಇದರಲ್ಲಿ ಮೈಸೂರು ಎಲ್ಲಿದೆ?

ರಾಜ್ಯೋತ್ಸವಕ್ಕೆಂದು ನಮ್ಮ ಶಾಲೆಯಲ್ಲಿ ಛಾಯಾಚಿತ್ರ ಸ್ಪರ್ಧೆ ಇಟ್ಟಿದ್ದರು. ವಿಷಯ ‘ನನ್ನ ಊರು’. ಮಕ್ಕಳು ಮನೆಯವರ ಮೊಬೈಲಿನಲ್ಲಿ ತೆಗೆದು ಅಚ್ಚು ಹಾಕಿಸಿ ತಂದ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ನಾವು ಮೂವರು ತೀರ್ಪುಗಾರರು ಕುಳಿತೆವು. ಅರಮನೆ, ಮತ್ತೆ ಅರಮನೆ, ದೀಪ ಹತ್ತಿಸಿದ ಅರಮನೆ, ಅರಮನೆಯ ಮುಂದೆ ಅಣ್ಣ-ತಂಗಿ, ನಡುವೆ ಒಂದೆರಡು ಚಾಮುಂಡಿ ಬೆಟ್ಟದ ನಂದಿ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ರಟ್ಟಿನ ಮೇಲೆ ಮೂರು ಚಿತ್ರ ಅಂಟಿಸಿ ತಂದಿದ್ದಳು. ಮೂರರಲ್ಲೂ ಒಂದೇ ಜಾಗ: ಅವರ ಬೀದಿಯ ತಿರುವು, ಅಲ್ಲೊಂದು ಗುಲ್‌ಮೊಹರ್ ಮರ, ಅದರಡಿ ಇಸ್ತ್ರಿ ಮಾಡುವವರ ತಳ್ಳುಗಾಡಿ. ಬೇಸಿಗೆಯಲ್ಲಿ ಗಾಡಿಯ ಸೂರಿನ ತುಂಬ ಕೆಂಪು ಹೂವು. ಆಷಾಢದಲ್ಲಿ ಅದೇ ಗಾಡಿಗೆ ನೀಲಿ ಪ್ಲಾಸ್ಟಿಕ್ಕಿನ ಮುಸುಕು. ಧನುರ್ಮಾಸದ ಬೆಳಗಿನ ಮಂಜಿನಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡವೊಂದೇ ಕಾಣುತ್ತಿತ್ತು.

“ಚೆನ್ನಾಗಿದೆ. ಆದರೆ ಇದರಲ್ಲಿ ಮೈಸೂರು ಎಲ್ಲಿದೆ?” ಎಂದು ಅತಿಥಿ ತೀರ್ಪುಗಾರರು ರಟ್ಟನ್ನು ಪಕ್ಕಕ್ಕಿಟ್ಟರು. ಬಹುಮಾನ ದೀಪದ ಅರಮನೆಗೆ ಹೋಯಿತು. ತೀರ್ಪಿನ ಹಾಳೆಗೆ ನಾನೂ ಸಹಿ ಹಾಕಿದೆ. ಅಂದು ಬಾಯಿ ಬಿಡದವಳು ಇಂದು ಬರೆಯುತ್ತಿದ್ದೇನೆ.

ಅರಮನೆಯ ಮೇಲೆ ನನಗೇನೂ ದ್ವೇಷವಿಲ್ಲ. ನೆಂಟರು ಬಂದರೆ ಭಾನುವಾರ ಸಂಜೆ ನಾನೂ ಕರೆದುಕೊಂಡು ಹೋಗುತ್ತೇನೆ. ಸುಮಾರು 1 ಲಕ್ಷ ಬಲ್ಬುಗಳು ಒಮ್ಮೆಗೇ ಹತ್ತಿಕೊಂಡಾಗ ಎಲ್ಲರ ಜೊತೆ ನಾನೂ “ಆಹಾ” ಎನ್ನುತ್ತೇನೆ. ಆದರೆ ಅದಕ್ಕೆ ನಮ್ಮ ಚಿತ್ರ ಬೇಕೆ? ಕ್ಯಾಲೆಂಡರಿನಿಂದ ಹಿಡಿದು ಅಗರಬತ್ತಿಯ ಪೊಟ್ಟಣದವರೆಗೆ ಅದರ ಚಿತ್ರ ಇಲ್ಲದ ಜಾಗವೇ ಇಲ್ಲ. ಹಾಗೆ ನೋಡಿದರೆ ಅರಮನೆಯೂ ಶಾಶ್ವತವಲ್ಲ. ಮೊದಲಿದ್ದ ಮರದ ಅರಮನೆ 1897ರಲ್ಲಿ, ಮದುವೆಯ ಸಂಭ್ರಮದ ನಡುವೆಯೇ, ಬೆಂಕಿಗೆ ಆಹುತಿಯಾಯಿತು. ಈಗಿನದು 1912ರಲ್ಲಿ ಮುಗಿದದ್ದು. ರಾಜರ ಮನೆಯೇ ಹಾಗಾದರೆ ಇಸ್ತ್ರಿಗಾಡಿಯ ತಿರುವಿನ ಗತಿ ಏನು?

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಲ್ಲಿನ ಹಳೆಯ ಪುಸ್ತಕದಂಗಡಿಗಳಲ್ಲಿಯೇ ನಾನು ಬಿ.ಎಡ್. ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡು ಓದಿ ಮತ್ತೆ ಅಲ್ಲಿಗೇ ಮಾರಿದ್ದೆ. ಸುದ್ದಿ ಕೇಳಿದ ರಾತ್ರಿ ಮನೆಯ ಆಲ್ಬಂಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ. ಆ ಕಮಾನುಗಳ ಒಂದೇ ಒಂದು ಚಿತ್ರ ಸಿಗಲಿಲ್ಲ. ಸಿಕ್ಕಿದ್ದು ನಾನು! ಅರಮನೆಯ ಮುಂದೆ ನಾನು, ಬೃಂದಾವನದಲ್ಲಿ ನಾನು, ವಸ್ತುಪ್ರದರ್ಶನದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಾನು. 36 ಚಿತ್ರಗಳ ರೀಲಿನ ಕಾಲ, ಒಂದೊಂದಕ್ಕೂ ಲೆಕ್ಕ, ಬೀದಿಗೆ ಯಾರು ಖರ್ಚು ಮಾಡುತ್ತಾರೆ? ಅದೂ ಅಲ್ಲದೆ ಕ್ಯಾಮೆರಾ ಹಿಡಿಯುವ ಕೆಲಸ ಗಂಡಸರದ್ದು, ನಿಂತು ನಗುವ ಕೆಲಸ ನಮ್ಮದು. ಅವರು ಎಲ್ಲಿ ನಿಲ್ಲಿಸಿದರೋ ಅದೇ ಊರಾಯಿತು. ನಾನು ದಿನವೂ ನಡೆದ ಊರು ಯಾವ ಆಲ್ಬಂನಲ್ಲೂ ಇಲ್ಲ.

ಈಗ ಕೈಯಲ್ಲಿ ಮೊಬೈಲು ಬಂದಿದೆ, ರೀಲಿನ ಖರ್ಚಿಲ್ಲ. ಆದರೂ ತೆಗೆಯುವುದು ಅದೇ ಅರಮನೆ, ಜೊತೆಗೆ ನಮ್ಮದೇ ಮುಖ.

“ಮೈಸೂರಿನಲ್ಲಿ ಋತು ಎಲ್ಲಿದೆ ಮೇಡಂ, ವರ್ಷವಿಡೀ ಒಂದೇ ಹವೆ” ಎಂದರು ನಮ್ಮ ಸಹೋದ್ಯೋಗಿಯೊಬ್ಬರು. ಪಾಪ, ಅವರು ಮಾರುಕಟ್ಟೆಗೆ ಹೋಗುವವರಲ್ಲ. ದೇವರಾಜ ಮಾರುಕಟ್ಟೆಯ ಒಂದೇ ಮೂಲೆಯಲ್ಲಿ ತಿಂಗಳಿಗೊಮ್ಮೆ ನಿಂತು ನೋಡಲಿ. ಮಾಗಿಯಲ್ಲಿ ಸೊಗಡವರೆಯ ರಾಶಿ, ಮೂಗಿಗೇ ಗೊತ್ತಾಗುತ್ತದೆ. ಸಂಕ್ರಾಂತಿಗೆ ಕಬ್ಬಿನ ಜಲ್ಲೆ, ಚೈತ್ರಕ್ಕೆ ಮಾವು, ಗೌರಿಹಬ್ಬಕ್ಕೆ ಬಾಗಿನದ ಮೊರಗಳ ಗೋಪುರ, ಆಯುಧಪೂಜೆಗೆ ಸೇವಂತಿಗೆ, ಬೂದುಗುಂಬಳ. ಚೀಲ ಹಿಡಿದು ಹೋಗುವ ಹೆಂಗಸರಿಗೆ ಗೊತ್ತಿರುವ ಪಂಚಾಂಗ ಇದು. 2016ರ ಆಗಸ್ಟ್‌ನಲ್ಲಿ ಆ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಈ ಸಲ ನನ್ನ ಬಳಿ ಚಿತ್ರಗಳಿದ್ದವು. ಕುಂಕುಮದ ಬಣ್ಣಬಣ್ಣದ ಗುಡ್ಡೆಗಳನ್ನು ಪ್ರವಾಸಿಗರು ಬೇಕಾದಷ್ಟು ತೆಗೆದಿದ್ದಾರೆ. ನಾನು ತೆಗೆದದ್ದು ಬಾಳೆಕಾಯಿ ತೂಗುವ ತಕ್ಕಡಿಯನ್ನು, ಹೂ ಕಟ್ಟುವ ಕೈಗಳನ್ನು. (ಕೇಳದೆ ತೆಗೆಯಬಾರದು. “ಹೂ ತಗೊಳ್ಳೋದಿಲ್ಲ, ಬರೀ ಫೋಟೋ ಹೊಡೀತೀರ” ಎಂದು ಒಬ್ಬಾಕೆ ಬೈದ ಮೇಲೆ ಮೊದಲು ಒಂದು ಮೊಳ ಮಲ್ಲಿಗೆ ಕೊಳ್ಳುತ್ತೇನೆ.)

ಸಾಮಾನ್ಯರ ಬದುಕನ್ನು ಚಿತ್ರಿಸಿಯೇ ಹೆಸರಾದ ಟಿ.ಎಸ್. ಸತ್ಯನ್ ಇದೇ ಊರಿನವರು. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಕಾಲಕ್ಕೆ ಕನ್ನಡಿ’. ಅಂಥವರ ಊರಿನಲ್ಲಿ ನಾವು ಬಹುಮಾನ ಕೊಟ್ಟದ್ದು ಬಲ್ಬಿಗೆ.

ಬೀದಿಯಲ್ಲಿ ಹೆಂಗಸು ಸುಮ್ಮನೆ ನಿಲ್ಲುವುದು ಸುಲಭವಲ್ಲ, ನಿಜ. ನಡೆಯುತ್ತಿದ್ದರೆ ಯಾರೂ ಕೇಳರು, ನಿಂತರೆ “ಯಾರಿಗೆ ಕಾಯ್ತಿದ್ದೀರಿ?”, ಮೊಬೈಲು ಎತ್ತಿದರೆ “ಕಾರ್ಪೊರೇಷನ್‌ನವರಾ ಮೇಡಂ, ಅಳತೆಗೆ ಬಂದಿದ್ದೀರಾ?” ಮೊದಮೊದಲು ನಾಚಿಕೆಯಾಗಿ ಯಾವುದೋ ಕರೆ ಬಂದವಳಂತೆ ಮೊಬೈಲನ್ನು ಕಿವಿಗಿಡುತ್ತಿದ್ದೆ. ಈಗ “ನೋಡ್ತಾ ಇದ್ದೀನಿ” ಎನ್ನುತ್ತೇನೆ. ನಮ್ಮ ಊರನ್ನು ನಾವು ನೋಡಲು ಇನ್ನೊಂದು ಕಾರಣ ಬೇಕೆ?

2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳನ್ನು ರಸ್ತೆ ಅಗಲ ಮಾಡಲೆಂದು ರಾತ್ರಿ ಬೆಳಗಾಗುವುದರೊಳಗೆ ಕಡಿದರು. ಊರಿನವರು ಪ್ರತಿಭಟಿಸಿದರು, ಅತ್ತರು. ನಾನು ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಮಳೆಗಾಲದ ಒಂದು ಚಿತ್ರವಿತ್ತು. ಬೇಸಿಗೆಯಲ್ಲಿ ಆ ನೆರಳು ರಸ್ತೆಯ ಎಷ್ಟು ಅಗಲಕ್ಕೆ ಬೀಳುತ್ತಿತ್ತು ಎಂದು ತೋರಿಸುವ ಚಿತ್ರ ಮಾತ್ರ ಇಲ್ಲ. ಮುಂದಿನ ಬೇಸಿಗೆಗೆ ತೆಗೆದರಾಯಿತು ಎಂದುಕೊಂಡಿದ್ದೆ.

ಆ ಹುಡುಗಿಯನ್ನು ಕರೆದು ರಟ್ಟನ್ನು ಕೊಡುತ್ತೀಯಾ ಎಂದು ಕೇಳಿದೆ. ಮೊಬೈಲಿನಲ್ಲಿ ಜಾಗವಿಲ್ಲವೆಂದು ಅಪ್ಪ ಮೂಲಚಿತ್ರಗಳನ್ನು ಅಳಿಸಿದ್ದಾರಂತೆ; ಉಳಿದದ್ದು ರಟ್ಟೊಂದೇ. “ಕೊಡಲ್ಲ ಮಿಸ್” ಎಂದಳು. ಸರಿ ಎಂದೆ.

ಈ ವರ್ಷದ ಸ್ಪರ್ಧೆಯ ನೋಟೀಸನ್ನು ಬರೆಯುವ ಸರದಿ ನನ್ನದು. ‘ಅರಮನೆಯ ಚಿತ್ರಗಳನ್ನು ಸ್ವೀಕರಿಸುವುದಿಲ್ಲ’ ಎಂದು ಒಂದು ಸಾಲು ಸೇರಿಸಿದೆ. ಮುಖ್ಯೋಪಾಧ್ಯಾಯರು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಚಿಹ್ನೆ ಹಾಕಿ ವಾಪಸು ಕಳಿಸಿದ್ದಾರೆ. ಚಿಹ್ನೆಯನ್ನು ರಬ್ಬರಿನಿಂದ ಅಳಿಸಿ ಅದೇ ಹಾಳೆಯನ್ನು ಮತ್ತೆ ಅವರ ಮೇಜಿನ ಮೇಲಿಟ್ಟು ಬಂದಿದ್ದೇನೆ.