ಜಾಲರಿ ಕೀಳುವ ಮೊದಲು

ಹಳೆ ಲಾರಿಗಳ ಸೈಲೆನ್ಸರ್ ಲೀಕನ್ನು ಹುಡುಕಿ ಸರಿಮಾಡಿಸಿ, ಹೊಗೆ ಶುದ್ಧಮಾಡುವ ಕನ್ವರ್ಟರ್ ಕೆಟ್ಟಿತೆಂದು ಅದರೊಳಗಿನ ಜಾಲರಿ ಒಡೆದು ಬಿಸಾಡಬೇಡಿ ಎಂದು ನಾನು ಹೇಳುತ್ತ ಬಂದಿದ್ದೇನೆ. ಈ ಮಾತಿಗೆ ಚಿತ್ರದುರ್ಗದ ಗ್ಯಾರೇಜುಗಳಲ್ಲಿ, ಹಿರಿಯೂರಿನಲ್ಲಿ ಎರಡು ಹೆದ್ದಾರಿ ಕೂಡುವ ಕಡೆ, ಹೊಸದುರ್ಗದ ತೆಂಗಿನಕಾಯಿ ಮಂಡಿ ಮುಂದೆ, ಹೊಳಲ್ಕೆರೆಯ ಅದಿರು ಲಾರಿಗಳ ಸಾಲಿನಲ್ಲಿ ಎದುರುತ್ತರ ಸಿದ್ಧವಾಗಿದೆ. ಹಾಗೆ ಹೇಳುವವರೆಲ್ಲ ದಿನವಿಡೀ ಲಾರಿಯ ಜತೆಗೇ ಬದುಕುವವರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಒಪ್ಪಿಕೊಂಡು ಸುಮ್ಮನಿರುವಂತೆಯೂ ಇಲ್ಲ.

"ಸದ್ದು ತಾನೆ? ಗಾಡಿ ಎಳಿತೈತಲ್ಲ, ಬಿಡ್ರಿ" ಎಂಬುದು ಮೊದಲ ಮಾತು. ಇದರಲ್ಲಿ ಅರ್ಧ ನಿಜವಿದೆ. ಟರ್ಬೊ ಇಲ್ಲದ ಹಳೆಯ ಎಂಜಿನ್ನುಗಳಲ್ಲಿ ಸೈಲೆನ್ಸರ್ ತೂತಾದರೆ ಎಳೆತ ಅಷ್ಟಾಗಿ ಕುಗ್ಗುವುದಿಲ್ಲ. ಟರ್ಬೊ ಇರುವ ಲಾರಿಯಲ್ಲೂ ಟರ್ಬೊ ದಾಟಿದ ಮೇಲೆ ಪೈಪು ಸೋರಿದರೆ ಮುಖ್ಯವಾಗಿ ಕಾಡುವುದು ಸದ್ದು ಮತ್ತು ಹೊಗೆ. ಆದರೆ ಎಂಜಿನ್ನಿಗೂ ಟರ್ಬೊಗೂ ನಡುವೆ, ಮ್ಯಾನಿಫೋಲ್ಡ್ ಪ್ಯಾಕಿಂಗಿನಲ್ಲೋ ಟರ್ಬೊ ಕೂರುವ ಫ್ಲ್ಯಾಂಜಿನಲ್ಲೋ ಸೋರಿದರೆ ಕತೆಯೇ ಬೇರೆ. ಟರ್ಬೊ ಚಕ್ರ ತಿರುಗುವುದೇ ಆ ಬಿಸಿಗಾಳಿಯ ರಭಸಕ್ಕೆ. ಅದು ಸಂದಿಯಲ್ಲಿ ಹೊರಬಿದ್ದಷ್ಟೂ ಟರ್ಬೊ ನಿಧಾನವಾಗುತ್ತದೆ, ಎಂಜಿನ್ನಿಗೆ ಗಾಳಿ ಸಾಲದಾಗುತ್ತದೆ, ಸುಡದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ. ಲೋಡ್ ಗಾಡಿ ಏರಿನಲ್ಲಿ ಒಂದು ಗೇರ್ ಇಳಿಸಬೇಕಾಗಿ ಬಂದಾಗ ಮಾಲೀಕರು ಪಂಪ್ ಬಿಚ್ಚಿಸುತ್ತಾರೆ, ನಾಝಲ್ ಬದಲಾಯಿಸುತ್ತಾರೆ, ಟರ್ಬೊಗೇ ಕೈಹಾಕುತ್ತಾರೆ. ಅಷ್ಟೆಲ್ಲ ಖರ್ಚಾದ ಮೇಲೂ ಪ್ಯಾಕಿಂಗ್ ಸೋರುತ್ತಲೇ ಇರುತ್ತದೆ.

ಇದನ್ನು ಪತ್ತೆಮಾಡಲು ದೊಡ್ಡ ಯಂತ್ರ ಬೇಕಾಗಿಲ್ಲ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ಮ್ಯಾನಿಫೋಲ್ಡ್ ಕಡೆಯಿಂದ ಟಿಕ್ ಟಿಕ್ ಎಂದು ಬಂದ ಸದ್ದು ಎಂಜಿನ್ ಕಾದ ಮೇಲೆ ಅಡಗಿದರೆ ಟ್ಯಾಪೆಟ್ ಎಂದು ಅವಸರ ಪಡಬೇಡಿ. ಕಾದ ಕಬ್ಬಿಣ ಹಿಗ್ಗಿ ಸಂದಿ ಮುಚ್ಚಿಕೊಂಡಿದೆ, ಅಷ್ಟೆ. ಎಂಜಿನ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಟಾರ್ಚ್ ಬಿಟ್ಟು ನೋಡಿ. ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವಿನ ಗೆರೆಯಲ್ಲಿ ಯಾವುದೋ ಒಂದು ಕಡೆ ಮಸಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತದೆ. ಅದರ ಮೊನೆ ಎಲ್ಲಿದೆಯೋ ಲೀಕ್ ಅಲ್ಲಿ. ಬೆರಳಿನಿಂದ ಒರೆಸಿ ನೋಡಿ: ಒಣ ಮಸಿಯಾದರೆ ಬರೀ ಹೊಗೆ ಸೋರಿದೆ. ಜಿಡ್ಡು ಹತ್ತಿದರೆ ಆಯಿಲ್ ಕೂಡ ಬರುತ್ತಿದೆ, ಟರ್ಬೊ ಸೀಲ್ ಅಥವಾ ರಿಂಗುಗಳ ಕಡೆ ಗಮನ ಹರಿಸಬೇಕು. ಕಣ್ಣಿಗೆ ಕಾಣದ ಸಣ್ಣ ಲೀಕಿಗೆ ಊದುಬತ್ತಿ ಸಾಕು. ಎಂಜಿನ್ ಓಡುತ್ತಿರುವಾಗ ಜಾಯಿಂಟಿನ ಉದ್ದಕ್ಕೂ ಮೆಲ್ಲಗೆ ಹಿಡಿದರೆ ಸೋರುವ ಕಡೆ ಅದರ ಹೊಗೆ ಚದುರುತ್ತದೆ. ಗಾಳಿಯಂತ್ರಗಳಿಗೆ ಹೆಸರಾದ ಜಿಲ್ಲೆ ನಮ್ಮದು, ಆಷಾಢದಲ್ಲಿ ಬಯಲಲ್ಲಿ ನಿಂತು ಇದನ್ನು ಮಾಡಿದರೆ ಏನೂ ತಿಳಿಯುವುದಿಲ್ಲ, ಶೆಡ್ಡಿನೊಳಗೇ ಮಾಡಬೇಕು. ಹಿಂದಿನ ಪೈಪುಗಳಿಗೆ ಪಂಚರ್ ಅಂಗಡಿಯ ವಿದ್ಯೆಯೇ ಸರಿ: ತಣ್ಣಗಿರುವಾಗ ಸೈಲೆನ್ಸರ್ ಬಾಯಿಂದ ಬ್ಲೋವರ್ ಗಾಳಿ ಬಿಟ್ಟು ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಕಾದ ಮ್ಯಾನಿಫೋಲ್ಡಿಗೆ ಮಾತ್ರ ನೀರು ತಾಗಿಸಬಾರದು, ಬೀಡು ಬಿರಿಯುತ್ತದೆ.

"ಇಪ್ಪತ್ತು ವರ್ಷದಿಂದ ಈ ಹೊಗೇನೇ ಕುಡೀತಿದೀವಿ, ಏನಾಗೈತೆ?" ಎಂದು ಡ್ರೈವರುಗಳೇ ಕೇಳುತ್ತಾರೆ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಎಂಜಿನ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಹಳೆ ಲಾರಿಯ ಕ್ಯಾಬಿನ್ನಿನಲ್ಲಿ ಎಂಜಿನ್ ಇರುವುದು ಡ್ರೈವರ್ ಮತ್ತು ಕ್ಲೀನರ್ ನಡುವೆ, ಒಂದು ಮುಚ್ಚಳದ ಕೆಳಗೆ. ಮ್ಯಾನಿಫೋಲ್ಡ್ ಲೀಕಾದರೆ ಹೊಗೆ ಮೊದಲು ಬರುವುದು ಅಲ್ಲಿಗೇ. ಮುಚ್ಚಳದ ರಬ್ಬರ್ ಹರಿದಿರುತ್ತದೆ, ಕೇಬಲ್ ಹೋಗುವ ತೂತುಗಳು ತೆರೆದಿರುತ್ತವೆ. ರಾತ್ರಿ ಇಬ್ಬರೂ ಮಲಗುವುದು ಅದೇ ಕ್ಯಾಬಿನ್ನಿನಲ್ಲಿ. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಕಡಿಮೆ ಎಂದು ವಾದಿಸುವವರಿದ್ದಾರೆ. ಕಡಿಮೆ ಎಂಬುದು ನಿಜ, ಇಲ್ಲವೇ ಇಲ್ಲ ಎಂಬುದು ನಿಜವಲ್ಲ. ಗಾಜು ಏರಿಸಿ, ಎಂಜಿನ್ ಓಡಲು ಬಿಟ್ಟು ಮಲಗುವವರ ಜೀವ ಅಷ್ಟು ಅಗ್ಗವಲ್ಲ. ಕಣ್ಣುರಿ, ಬೆಳಗ್ಗೆ ತಲೆನೋವು, ಹೀಟರ್ ಇಲ್ಲದ ಗಾಡಿಯಲ್ಲೂ ಕಾಲಬುಡದಲ್ಲಿ ಬಿಸಿಗಾಳಿ ಇದ್ದರೆ ಆ ಲಾರಿ ಮುಂದಿನ ಟ್ರಿಪ್ಪಿಗೆ ಹೊರಡಬಾರದು.

ಮೂರನೆಯವರು ಅನುಭವಸ್ಥರು: "ಎಷ್ಟು ಸಲ ಪ್ಯಾಕಿಂಗ್ ಹಾಕ್ಸಿದ್ರೂ, ವೆಲ್ಡಿಂಗ್ ಮಾಡ್ಸಿದ್ರೂ ತಿಂಗಳಿಗೇ ಹೋಗ್ತೈತೆ." ಹೋಗುತ್ತದೆ, ಸುಳ್ಳಲ್ಲ. ಪ್ಯಾಕಿಂಗ್ ಮತ್ತೆ ಮತ್ತೆ ಸುಟ್ಟರೆ ಮ್ಯಾನಿಫೋಲ್ಡಿನ ಮುಖ ಬಾಗಿದೆ ಎಂದೇ ತಿಳಿಯಬೇಕು. ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ಗೊತ್ತಾಗುತ್ತದೆ. ಲೇತಿನವರ ಹತ್ತಿರ ಮುಖ ಹೊಡೆಸಿದ ಮೇಲೆ ಹೊಸ ಪ್ಯಾಕಿಂಗ್ ಕೂರಬೇಕು. ಮುರಿದ ಸ್ಟಡ್ ಒಂದನ್ನು ಹಾಗೇ ಬಿಟ್ಟು ಉಳಿದವನ್ನು ಜೋರಾಗಿ ಬಿಗಿದರೆ ಮುಖ ಇನ್ನಷ್ಟು ಬಾಗುತ್ತದೆ. ನಟ್ಟುಗಳನ್ನು ನಡುವಿನಿಂದ ಎರಡೂ ತುದಿಗೆ ಬಿಗಿಯುತ್ತ ಹೋಗಿ, ಒಂದು ಸಲ ಎಂಜಿನ್ ಕಾದು ಆರಿದ ಮೇಲೆ ಮತ್ತೆ ನೋಡಬೇಕು. ಬಿರುಕು ಬಿಟ್ಟ ಬೀಡಿಗೆ ಸಾಮಾನ್ಯ ರಾಡಿನಲ್ಲಿ ವೆಲ್ಡಿಂಗ್ ಎಳೆದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಅದಕ್ಕೆ ಮುಂಚೆ ಕಾಯಿಸಬೇಕು, ನಿಕ್ಕಲ್ ರಾಡ್ ಬೇಕು, ನಿಧಾನವಾಗಿ ಆರಲು ಬಿಡಬೇಕು. ಲೋಡ್ ಗಾಡಿಯ ಮ್ಯಾನಿಫೋಲ್ಡಿನಲ್ಲಿ ಹೊಗೆಯ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅಂಗಡಿಯ ಸಿಲಿಕಾನ್ ಪೇಸ್ಟ್ ಅಲ್ಲಿ ನಿಲ್ಲುವ ಮಾತೇ ಇಲ್ಲ. ಫ್ಲೆಕ್ಸಿಬಲ್ ಪೈಪ್ ಪದೇಪದೇ ಹರಿಯುತ್ತಿದ್ದರೆ ಪೈಪನ್ನು ಬೈಯುವ ಬದಲು ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ಅದಿರಿನ ದಾರಿಯಲ್ಲಿ ಕುಲುಕಿ ಕುಲುಕಿ ರಬ್ಬರ್ ಕೂತುಹೋದರೆ ಎಂಜಿನ್ ಅಲ್ಲಾಡುತ್ತದೆ, ಆ ಅಲುಗಾಟವನ್ನೆಲ್ಲ ಪೈಪು ತಾಳಿಕೊಳ್ಳಬೇಕಾಗುತ್ತದೆ. ಹಳೆ ಆಸ್ಬೆಸ್ಟಾಸ್ ಹಗ್ಗ ಸುತ್ತುವ ಪದ್ಧತಿಯನ್ನಂತೂ ದಯವಿಟ್ಟು ಬಿಡಿ, ಅದರ ಎಳೆ ಶ್ವಾಸಕೋಶಕ್ಕೆ ಹೊಗೆಯಷ್ಟೇ ಕೆಟ್ಟದ್ದು.

ಈಗ ಕನ್ವರ್ಟರ್ ಮಾತು. ಇಲ್ಲಿ ಎದುರಾಳಿಗಳ ದನಿ ಎಲ್ಲಕ್ಕಿಂತ ಜೋರು: "ಜಾಲರಿ ತೆಗೆಸಿದೆ ಅಣ್ಣಾ, ಮಾರನೇ ದಿನಾನೇ ಪಿಕಪ್ ಬಂತು, ಡೀಸೆಲ್ಲೂ ಉಳೀತು."

ಮೊದಲು ಒಂದು ಗೊಂದಲ ಬಿಡಿಸಬೇಕು. 2010ರ ಆಸುಪಾಸಿನ ಹೊಗೆ ನಿಯಮದ ಬಿಎಸ್-3 ಹಂತದ ದೊಡ್ಡ ಲಾರಿಗಳಲ್ಲಿ ಬಹುಮಟ್ಟಿಗೆ ಕನ್ವರ್ಟರ್ ಇರುವುದೇ ಇಲ್ಲ, ಅಲ್ಲಿ ಕೀಳಿಸುವುದು ಸೈಲೆನ್ಸರಿನ ಒಳತಗಡು. ಕನ್ವರ್ಟರ್ ತೊಂದರೆ ಬರುವುದು ಕಾಯಿ, ಅಡಿಕೆ, ಟೊಮೆಟೊ ಹೊರುವ ಸಣ್ಣ ಗೂಡ್ಸ್ ಗಾಡಿಗಳಿಗೆ ಮತ್ತು ದೇಶಕ್ಕೆಲ್ಲ ಬಿಎಸ್-4 ಬಂದ 2017ರ ಏಪ್ರಿಲ್ ನಂತರದ ಲಾರಿಗಳಿಗೆ. ಅವೂ ಈಗ ಹಳೆಯವೇ ಆದವು.

ಜಾಲರಿ ಕಿತ್ತ ಮೇಲೆ ಪಿಕಪ್ ಬಂತೆಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಅದರಿಂದ ತಿಳಿಯುವುದು ಏನು? ಜಾಲರಿ ಕಟ್ಟಿಕೊಂಡಿತ್ತು ಎಂದು. ಆರೋಗ್ಯವಾಗಿರುವ ಜಾಲರಿ ಎಂಜಿನ್ನಿಗೆ ಒಡ್ಡುವ ತಡೆ ತೀರ ಕಡಿಮೆ, ಅದನ್ನು ಕಿತ್ತರೆ ಡ್ರೈವರಿಗೆ ವ್ಯತ್ಯಾಸವೇ ತಿಳಿಯದು. ಕಟ್ಟಿಕೊಂಡದ್ದು ಯಾಕೆ ಎಂಬ ಪ್ರಶ್ನೆಯನ್ನು ಗ್ಯಾರೇಜಿನಲ್ಲಿ ಕೇಳಿದವರು ಕಡಿಮೆ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಎಂಜಿನ್ನೇ ಅದನ್ನು ಕೊಲ್ಲುತ್ತದೆ. ಟರ್ಬೊ ಸೀಲ್ ಸವೆದು ಆಯಿಲ್ ಬಂದರೆ ಅದರ ಬೂದಿ ಜಾಲರಿಯ ಕಣ್ಣುಗಳಲ್ಲಿ ಕೂರುತ್ತದೆ. ನಾಝಲ್ ತೊಟ್ಟಿಕ್ಕಿದರೆ ಸುಡದ ಡೀಸೆಲ್ ಜಾಲರಿಯೊಳಗೇ ಉರಿದು ಅದನ್ನು ಕರಗಿಸುತ್ತದೆ. ಏರ್ ಫಿಲ್ಟರ್ ಕಟ್ಟಿ ಗಾಳಿ ಸಾಲದಿದ್ದರೆ ಮಸಿ ಹೆಚ್ಚುತ್ತದೆ. ಜಾಲರಿ ತೆಗೆದರೂ ಈ ಕಾಯಿಲೆಗಳು ಎಂಜಿನ್ನಿನಲ್ಲೇ ಉಳಿದಿವೆ. ತೊಟ್ಟಿಕ್ಕುವ ನಾಝಲ್ ಕೊನೆಗೆ ಪಿಸ್ಟನ್ನನ್ನೇ ತಿನ್ನುತ್ತದೆ, ಸವೆದ ಸೀಲ್ ಒಂದು ದಿನ ಟರ್ಬೊವನ್ನೇ ಮುಗಿಸುತ್ತದೆ.

ಹೊಸದುರ್ಗ ಕಡೆಯ ಸಣ್ಣ ಗಾಡಿಗಳಿಗೆ ಇನ್ನೊಂದು ಕಾರಣವಿದೆ. ತೋಟದಿಂದ ಮಂಡಿಗೆ ನಾಲ್ಕಾರು ಕಿಲೋಮೀಟರ್, ಅಲ್ಲಿ ಇಳಿಸುವ ತನಕ ಐಡಲ್, ಮತ್ತೆ ವಾಪಸ್. ಡೀಸೆಲ್ ಕನ್ವರ್ಟರ್ ಕೆಲಸ ಶುರುಮಾಡುವುದೇ ಸುಮಾರು 200 ಡಿಗ್ರಿ ದಾಟಿದ ಮೇಲೆ. ಅಷ್ಟು ಕಾಯುವ ಮುಂಚೆಯೇ ಗಾಡಿ ನಿಂತಿರುತ್ತದೆ, ಹಸಿ ಮಸಿ ಜಾಲರಿಯ ಮುಖಕ್ಕೆ ಮೆತ್ತುತ್ತದೆ. ಇಂಥ ಗಾಡಿಯನ್ನು ಲೋಡ್ ಸಮೇತ ಹೆದ್ದಾರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ. ಆಯಿಲ್ ಬೂದಿಯಿಂದ ಕಟ್ಟಿದ್ದು ಮಾತ್ರ ಹೀಗೆ ಬಿಡದು.

ಕಟ್ಟಿದೆಯೋ ಇಲ್ಲವೋ ತಿಳಿಯಲು ಕನ್ವರ್ಟರಿಗೆ ಮುಂಚಿನ ಪೈಪಿನಲ್ಲಿ ಬ್ಯಾಕ್‌ಪ್ರೆಶರ್ ಗೇಜ್ ಇಟ್ಟು, ರೇಸ್ ಕೊಟ್ಟು, ಕಂಪನಿ ಪುಸ್ತಕದ ಮಿತಿಗೆ ಹೋಲಿಸಬೇಕು. ಆರಿದಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಡೆದ ಜಾಲರಿ ಗಿಲಕಿ ಸದ್ದು ಮಾಡುತ್ತದೆ. ಹಿಂದೆ ಮುಂದೆ ಶಾಖ ಅಳೆದು ತೀರ್ಪು ಕೊಡುವವರಿದ್ದಾರೆ. ಐಡಲ್‌ನಲ್ಲಿ ನಿಂತ ಡೀಸೆಲ್ ಗಾಡಿಯಲ್ಲಿ ಆ ಅಳತೆಯನ್ನು ನಂಬಬೇಡಿ. ಕೊನೆಗೂ ಕೀಳಿಸಿದವರು ಒಂದು ವಿಚಾರಿಸಲಿ: ಕಿತ್ತ ಜಾಲರಿ ಎಲ್ಲಿ ಹೋಯಿತು? ಅದರ ಮೇಲೆ ಪ್ಲಾಟಿನಂ, ಪಲೇಡಿಯಂ ಲೇಪವಿರುತ್ತದೆ, ಅದನ್ನು ಕೊಳ್ಳುವ ಗುಜರಿ ವ್ಯಾಪಾರವೇ ಇದೆ. ಕೀಳಿಸಿ ಎಂಬ ಸಲಹೆ ಕೊಟ್ಟವರಿಗೆ ಆ ದುಡ್ಡಿನಲ್ಲಿ ಪಾಲಿದ್ದರೆ ಆ ಸಲಹೆಯನ್ನು ತೂಗಿ ನೋಡಬೇಕು.

"ಯೂರಿಯಾ ಗಾಡಿ ಮಾಡಿದ್ದೇ ತಪ್ಪು, ಬೈಪಾಸ್ ಮಾಡ್ಸಿ ನೀರು ತುಂಬ್ಸಿದ್ರೆ ಆಯ್ತು" ಎಂಬುದು ಹೊಗೆಗೆ ಯೂರಿಯಾ ದ್ರಾವಣ ಚಿಮುಕಿಸುವ ಎಸ್‌ಸಿಆರ್ ಲಾರಿಯವರ ಮಾತು. ಅವರ ಸಿಟ್ಟಿಗೆ ಕಾರಣವಿದೆ: ಸೆನ್ಸರ್ ಕೆಟ್ಟರೆ ಲೋಡ್ ಇರುವಾಗಲೇ ಎಂಜಿನ್ ಬಲ ಕುಗ್ಗುತ್ತದೆ, ಹೆದ್ದಾರಿ ಬದಿಯಲ್ಲಿ ಸಹಾಯ ಸಿಗುವುದಿಲ್ಲ. ಆದರೆ ನಾನು ಕೇಳಿ ತಿಳಿದ ಎಷ್ಟೋ ಕಡೆ ರೋಗದ ಮೂಲ ಟ್ಯಾಂಕಿನಲ್ಲೇ ಇತ್ತು. ಆ ಟ್ಯಾಂಕಿಗೆ ತುಂಬಬೇಕಾದ ಡಿಇಎಫ್ ಎಂದರೆ ಶೇಕಡಾ 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಹೊಲಕ್ಕೆ ತಂದ ಚೀಲದಿಂದ ಒಂದಷ್ಟು ಸುರಿದು ಬೋರ್‌ವೆಲ್ ನೀರಿನಲ್ಲಿ ಕದಡಿದರೆ ಅದು ಡಿಇಎಫ್ ಆಗುವುದಿಲ್ಲ. 2015ರಿಂದ ರೈತರಿಗೆ ಕೊಡುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವಿದೆ, ನಮ್ಮ ಬೋರ್ ನೀರಿನಲ್ಲಿ ಸುಣ್ಣದಂಶವಿದೆ. ಎರಡೂ ಸೇರಿ ಡೋಸಿಂಗ್ ನಾಝಲ್ ಕಟ್ಟುತ್ತವೆ, ಜಾಲರಿಯನ್ನು ಕೆಡಿಸುತ್ತವೆ. ನಾಝಲ್ ಬಾಯಲ್ಲಿ ಬಿಳಿ ಹರಳು ಕಂಡರೆ ಬಿಚ್ಚಿ ಬಿಸಿನೀರಲ್ಲಿ ನೆನೆಸಿ, ಹೊಸದಾಗಿ ಕಟ್ಟಿದ್ದು ಕರಗುತ್ತದೆ. ಸೆನ್ಸರಿನ ದೂರು ಬಂದಾಗ ಮೊದಲು ಅದರ ಆಸುಪಾಸಿನ ಕ್ಲ್ಯಾಂಪುಗಳಲ್ಲಿ ಲೀಕ್ ಇದೆಯೇ ನೋಡಿ. ಹೊರಗಿನ ಗಾಳಿ ಒಳಸೇರಿದರೂ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ.

"ಹೊಗೆ ಸರ್ಟಿಫಿಕೇಟ್ ಐತಲ್ಲ" ಎಂಬ ಮಾತಿಗೆ ಉದ್ದ ಉತ್ತರ ಬೇಕಿಲ್ಲ. ಡೀಸೆಲ್ ಗಾಡಿಯ ಆ ಪರೀಕ್ಷೆ ಅಳೆಯುವುದು ಸೈಲೆನ್ಸರ್ ತುದಿಯ ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ಬಿಎಸ್-3 ಮತ್ತು ಅದಕ್ಕೂ ಹಿಂದಿನ ಗಾಡಿಗೆ ಮಿತಿ 65 ಹಾರ್ಟ್‌ರಿಜ್ ಮಾನ, ಬಿಎಸ್-4ಕ್ಕೆ 50. ನೈಟ್ರೋಜನ್ ಆಕ್ಸೈಡ್ ಎಷ್ಟಿದೆ, ಕ್ಯಾಬಿನ್ನಿಗೆ ಎಷ್ಟು ಹೊಗೆ ನುಗ್ಗುತ್ತಿದೆ ಎಂಬುದನ್ನು ಆ ಕಾಗದ ಹೇಳುವುದಿಲ್ಲ. ಜಾಲರಿ ಕಿತ್ತು, ಬೈಪಾಸ್ ಮಾಡಿಸಿ ಕಂಪನಿ ಇಟ್ಟದ್ದನ್ನು ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದೂ ಇಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು: "ಒಂದು ಗಾಡಿ ಇಟ್ಕೊಂಡು ಬದುಕೋರಿಗೆ ಇದಕ್ಕೆಲ್ಲ ದುಡ್ಡೆಲ್ಲಿಂದ ಬರ್ಬೇಕು?" ಈ ಜಿಲ್ಲೆಯಲ್ಲಿ ಹಾಗೆ ಕೇಳುವ ಹಕ್ಕು ಜನಕ್ಕಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಆ ಬಾಡಿಗೆ ನೆಚ್ಚಿ ಸಾಲ ಮಾಡಿದ್ದವರ ಲಾರಿಗಳು ಮನೆ ಮುಂದೆ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಗಣಿಗಳು ಮತ್ತೆ ತೆರೆದರೂ ಎಷ್ಟೋ ಮಂದಿ ಹೊಸ ಗಾಡಿ ಕೊಳ್ಳುವ ಶಕ್ತಿ ಕಳೆದುಕೊಂಡಿದ್ದರು. ಹಳೆ ಲಾರಿಯನ್ನು ನಂಬಿದ ಅವರಿಗೆ ಹೊಸ ಕನ್ವರ್ಟರ್ ಹಾಕಿಸಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ಖರ್ಚಿಲ್ಲದ ಕೆಲಸ ಮೊದಲಾಗಲಿ ಎನ್ನುತ್ತೇನೆ: ಏರ್ ಫಿಲ್ಟರ್, ಮೌಂಟಿಂಗ್, ಮಸಿಯ ಗುರುತು, ಪ್ಯಾಕಿಂಗ್, ಸ್ಟಡ್. ಇವೆಲ್ಲ ಸೇರಿದರೂ ಒಂದು ಲಾರಿ ಟೈರಿನ ಬೆಲೆ ಆಗುವುದಿಲ್ಲ. ಆಮೇಲೆ ನಾಝಲ್ ಪರೀಕ್ಷೆ, ಟರ್ಬೊ ಸೀಲ್. ಅಲ್ಲಿಗೂ ಬಗೆಹರಿಯದಿದ್ದರೆ ಮಾತ್ರ ಕನ್ವರ್ಟರ್. ಬ್ಯಾಕ್‌ಪ್ರೆಶರ್ ಗೇಜನ್ನು ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ. ಮೊದಲು ಹೆಸರಿಸಿದ ನಾಲ್ಕೂ ತಾಲ್ಲೂಕುಗಳ ಲಾರಿ ಮಾಲೀಕರು ಸೇರಿ ಊರಿಗೊಂದು ತಂದು, ನಂಬಿಕೆಯ ಮೇಸ್ತ್ರಿಯ ಹತ್ತಿರ ಇಟ್ಟು, ಜಾಲರಿಗೆ ಕೈಹಾಕುವ ಮುಂಚೆ ಗೇಜ್ ತೋರಿಸಿದ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ.