ಎಣಿಸದ ಸಾವುಗಳ ಲೆಕ್ಕ ಕೊಡುವವರು ಯಾರು?

ಸಾಂಕ್ರಾಮಿಕ ರೋಗವೊಂದನ್ನು ದೇಶ ಹೇಗೆ ಎದುರಿಸಿತು ಎಂಬುದನ್ನು ಅಳೆಯಲು ಹಲವು ಮಾನದಂಡಗಳಿವೆ. ಎಷ್ಟು ಮಂದಿಗೆ ಲಸಿಕೆ ನೀಡಲಾಯಿತು, ಎಷ್ಟು ಹಾಸಿಗೆಗಳನ್ನು ಸಜ್ಜುಗೊಳಿಸಲಾಯಿತು ಎಂಬ ಅಂಕಿ-ಅಂಶಗಳನ್ನು ಸರಕಾರಗಳು ಉತ್ಸಾಹದಿಂದಲೇ ಮುಂದಿಡುತ್ತವೆ. ಆದರೆ ಅವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಸತ್ತವರೆಷ್ಟು? ಕೊರೋನಾದ ವಿಷಯದಲ್ಲಿ ಈ ಸರಳ ಪ್ರಶ್ನೆಗೆ ನಮ್ಮನ್ನಾಳುವವರಿಂದ ಇಂದಿಗೂ ಪ್ರಾಮಾಣಿಕ ಉತ್ತರ ದೊರೆತಿಲ್ಲ.

ಅಧಿಕೃತ ಲೆಕ್ಕದಂತೆ ದೇಶದಲ್ಲಿ ಕೊರೋನಾಕ್ಕೆ ಬಲಿಯಾದವರು ಸುಮಾರು 5.3 ಲಕ್ಷ ಮಂದಿ. 2020 ಮತ್ತು 2021ರ ಎರಡೇ ವರ್ಷಗಳಲ್ಲಿ ಭಾರತದಲ್ಲಿ ಸಂಭವಿಸಿದ ಹೆಚ್ಚುವರಿ ಸಾವುಗಳು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿದಾಗ, ಲೆಕ್ಕ ಹಾಕಿದ ವಿಧಾನವೇ ಸರಿಯಿಲ್ಲವೆಂದು ಕೇಂದ್ರ ಸರಕಾರ ಅದನ್ನು ತಳ್ಳಿಹಾಕಿತು. ಹೊರಗಿನವರ ಅಂದಾಜು ಬೇಡ ಎನ್ನೋಣ. ಆದರೆ ಸ್ವತಃ ಸರಕಾರವೇ 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ನಾಗರಿಕ ನೋಂದಣಿ ವರದಿ ಏನು ಹೇಳುತ್ತದೆ? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳು ಸುಮಾರು 81 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ 21 ಲಕ್ಷದ ಏರಿಕೆ. ಅದೇ 2021ರಲ್ಲಿ ಕೊರೋನಾದಿಂದ ಸತ್ತವರೆಂದು ಸರಕಾರ ಒಪ್ಪಿಕೊಂಡದ್ದು ಮೂರೂವರೆ ಲಕ್ಷಕ್ಕೂ ಕಡಿಮೆ. ಏರಿಕೆಯೆಲ್ಲವೂ ಕೊರೋನಾದಿಂದಲೇ ಆದದ್ದೆಂದು ಯಾರೂ ವಾದಿಸಬೇಕಿಲ್ಲ. ನೋಂದಣಿ ವ್ಯವಸ್ಥೆ ಸುಧಾರಿಸಿರಲೂಬಹುದು. ಆದರೂ ಅಂತರವಿಷ್ಟು ದೊಡ್ಡದಿರುವಾಗ ಅದನ್ನು ವಿವರಿಸುವ ಹೊಣೆ ಯಾರದ್ದು?

ಸರಕಾರಕ್ಕೆ ಎಣಿಸಲು ಬರುವುದಿಲ್ಲ ಎಂದೇನೂ ಅಲ್ಲ. 2021ರ ಅಕ್ಟೋಬರ್ 21ರಂದು 100 ಕೋಟಿ ಡೋಸ್ ಲಸಿಕೆ ಪೂರ್ಣಗೊಂಡಾಗ ದೇಶದ 100 ಸ್ಮಾರಕಗಳಿಗೆ ತ್ರಿವರ್ಣದ ದೀಪಾಲಂಕಾರ ಮಾಡಲಾಯಿತು. ಅಷ್ಟು ಜನರಿಗೆ ಲಸಿಕೆ ತಲುಪಿಸಿದ್ದು ಸಣ್ಣ ಸಾಧನೆಯಲ್ಲ. ಅದನ್ನು ಶ್ಲಾಘಿಸಲು ಹಿಂಜರಿಯಬೇಕಾಗಿಯೂ ಇಲ್ಲ. ಇನ್ನೊಂದು ಲೆಕ್ಕವನ್ನೂ ಸರಕಾರ ಬಹಳ ಕರಾರುವಾಕ್ಕಾಗಿ ಇಟ್ಟಿತ್ತು. ದೇಶದ 14,378 ಪ್ರಕರಣಗಳ ಪೈಕಿ 4,291 ತಬ್ಲೀಗ್ ಜಮಾಅತಿಗೆ ಸಂಬಂಧಿಸಿದವು ಎಂದು 2020ರ ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯ ಪತ್ರಿಕಾಗೋಷ್ಠಿಯಲ್ಲಿ ಪ್ರಕಟಿಸಿತು. ರೋಗಕ್ಕೆ ಧರ್ಮವನ್ನು ಅಂಟಿಸಿದ ಆ ಅಂಕಿ, ಹಣ್ಣು-ತರಕಾರಿ ಮಾರುವ ಬಡ ಮುಸ್ಲಿಮನ ಕೈಗಾಡಿಯ ತನಕವೂ ತಲುಪಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಜಮಾಅತಿನ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂಬರ್ಥದ ಮಾತನ್ನಾಡಿತು. ಆದರೆ ಆ ತೀರ್ಪು ಸಂತೆಯ ತನಕ ತಲುಪಲೇ ಇಲ್ಲ.

ಹೀಗೆ ಲೆಕ್ಕವಿಡಬಲ್ಲ ಸರಕಾರದ ಬಳಿ ಬೇಕಾದ ಲೆಕ್ಕ ಮಾತ್ರ ಇರಲಿಲ್ಲ. ಲಾಕ್‌ಡೌನ್ ಕಾಲದಲ್ಲಿ ಮರಣ ಹೊಂದಿದ ವಲಸೆ ಕಾರ್ಮಿಕರೆಷ್ಟು ಎಂದು ಕೇಳಿದರೆ ಅಂತಹ ಮಾಹಿತಿಯಿಲ್ಲವೆಂದು 2020ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಲಾಯಿತು. ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದ್ದಾಗಿ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು 2021ರ ಜುಲೈಯಲ್ಲಿ ರಾಜ್ಯಸಭೆಗೆ ಉತ್ತರಿಸಲಾಯಿತು. ನಮ್ಮದೇ ರಾಜ್ಯದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಅದಕ್ಕೆ ಎರಡೂವರೆ ತಿಂಗಳ ಹಿಂದಷ್ಟೇ, ಮೇ 2 ಮತ್ತು 3ರ ನಡುವೆ, 24 ರೋಗಿಗಳು ಕೊನೆಯುಸಿರೆಳೆದಿದ್ದರು. ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದೆ?

ಮುಗಿದುಹೋದ ರೋಗದ ಲೆಕ್ಕವನ್ನು ಈಗೇಕೆ ಕೆದಕಬೇಕು ಎಂದು ಕೇಳುವವರಿರಬಹುದು. ಅವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳತ್ತ ಕಣ್ಣು ಹಾಯಿಸಲಿ. ಚಿತ್ರದುರ್ಗದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭಗೊಂಡದ್ದು 2023ರಲ್ಲಿ, ಅಂದರೆ ಎರಡು ಅಲೆಗಳೂ ಮುಗಿದ ಬಳಿಕ. ಹೊಸದುರ್ಗ ಪಟ್ಟಣದಿಂದಲೇ ಜಿಲ್ಲಾ ಆಸ್ಪತ್ರೆ 50 ಕಿಲೋಮೀಟರ್‌ಗಿಂತ ದೂರದಲ್ಲಿದೆ. ಹಳ್ಳಿಗಳಿಗೆ ಇನ್ನೂ ದೂರ. ಅಂತಹ ಹಳ್ಳಿಯ ಕೂಲಿಕಾರನೊಬ್ಬ 2021ರ ಮೇ ತಿಂಗಳಲ್ಲಿ ಜ್ವರ ಬಂದು, ಉಸಿರು ಕಟ್ಟಿ, ಪರೀಕ್ಷೆಯೂ ಆಗದೆ ಮನೆಯಲ್ಲಿಯೇ ತೀರಿಕೊಂಡಿದ್ದರೆ ಆತನ ಕುಟುಂಬದ ಪಾಡೇನು? ಸುಪ್ರೀಮ್ ಕೋರ್ಟಿನ ಮಧ್ಯಪ್ರವೇಶದ ಫಲವಾಗಿ ಮೃತರ ಕುಟುಂಬಕ್ಕೆ ತಲಾ 50,000 ರೂಪಾಯಿ ನಿಗದಿಯಾಯಿತು. ದುಡಿಯುವ ಸದಸ್ಯನನ್ನು ಕಳಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರಕಾರ ಒಂದು ಲಕ್ಷ ರೂಪಾಯಿ ಘೋಷಿಸಿತು. ಮರಣ ಪತ್ರದಲ್ಲಿ ಕೊರೋನಾದ ಉಲ್ಲೇಖವಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದೂ ನ್ಯಾಯಾಲಯ ಆದೇಶಿಸಿತು. ಆದರೆ ರೋಗವಿತ್ತು ಎಂಬುದಕ್ಕೆ ಪರೀಕ್ಷೆಯ ಅಥವಾ ಆಸ್ಪತ್ರೆಯ ಪುರಾವೆ ಬೇಕೇ ಬೇಕು. ಆಸ್ಪತ್ರೆಯೇ ಎಟುಕದವನು ಆಸ್ಪತ್ರೆಯ ಕಾಗದವನ್ನು ಎಲ್ಲಿಂದ ತರಬೇಕು? ವ್ಯವಸ್ಥೆಯ ವೈಫಲ್ಯಕ್ಕೆ ಬಲಿಯಾದವನಿಂದಲೇ ಆ ವೈಫಲ್ಯದ ದಾಖಲೆಯನ್ನು ಕೇಳುವುದು ಎಂತಹ ನ್ಯಾಯ?

ನಮ್ಮ ದೇಶದಲ್ಲಿ ನೋಂದಣಿಯಾಗುವ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸುವುದು ನಾಲ್ಕನೇ ಒಂದಕ್ಕಿಂತ ಕಡಿಮೆ. ಜನರು ಯಾವ ಕಾರಣಕ್ಕೆ ಸಾಯುತ್ತಿದ್ದಾರೆಂದೇ ಗೊತ್ತಿಲ್ಲದ ಆಡಳಿತ, ಯಾವ ತಾಲ್ಲೂಕಿಗೆ ಎಷ್ಟು ವೈದ್ಯರು, ಎಷ್ಟು ಆಮ್ಲಜನಕ ಬೇಕೆಂದು ನಿರ್ಧರಿಸುವುದಾದರೂ ಹೇಗೆ? ಆದ್ದರಿಂದ ಎಣಿಕೆ ಎಂಬುದು ಸತ್ತವರಿಗೆ ಸಲ್ಲಬೇಕಾದ ಗೌರವ ಮಾತ್ರವಲ್ಲ, ಬದುಕಿರುವವರಿಗೆ ರಕ್ಷಣೆ ಕೂಡ. ಮನೆ ಮನೆಗೆ ತೆರಳಿ ಜ್ವರದವರ ಪಟ್ಟಿ ಮಾಡಿದ ಆಶಾ ಕಾರ್ಯಕರ್ತೆಯರಿಗೆ ತಮ್ಮ ಹಳ್ಳಿಯ ಪ್ರತಿ ಸಾವಿನ ಕಥೆಯೂ ಗೊತ್ತಿತ್ತು. ಆದರೆ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ 2020ರ ಜುಲೈಯಲ್ಲಿ, ಸಾಂಕ್ರಾಮಿಕದ ನಡುವೆಯೇ, ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. 10,000 ರೂಪಾಯಿಯ ಭರವಸೆಯನ್ನು ಪಡೆಯಲು ಅವರು 2025ರ ಜನವರಿಯಲ್ಲಿ ಮತ್ತೆ ಬೆಂಗಳೂರಿನ ಬೀದಿಯಲ್ಲಿ ಕೂರಬೇಕಾಯಿತು.

ಈಗಲೂ ಕಾಲ ಮಿಂಚಿಲ್ಲ. 2019ರಿಂದ 2021ರ ವರೆಗೆ ನೋಂದಣಿಯಾದ ಸಾವುಗಳ ತಿಂಗಳುವಾರು ಸಂಖ್ಯೆಯನ್ನು ಜಿಲ್ಲಾಡಳಿತವು ತಾಲ್ಲೂಕು ಮತ್ತು ಗ್ರಾಮ ಪಂಚಾಯತ್ ಮಟ್ಟದಲ್ಲಿ ಬಹಿರಂಗಪಡಿಸಲಿ. ಗ್ರಾಮಸಭೆಗಳಲ್ಲಿ ಅದನ್ನು ಓದಿ ಹೇಳಲಿ. ಪರೀಕ್ಷೆಯಿಲ್ಲದೆ ಸತ್ತವರ ಕುಟುಂಬಗಳ ಹೇಳಿಕೆಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ದಾಖಲಿಸಲಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ, ಮನಸ್ಸು ಬೇಕು.

ಸಮುದಾಯಕ್ಕೂ ಇದರಲ್ಲಿ ಹೊಣೆಯಿದೆ. ಜನನ-ಮರಣ ನೋಂದಣಿಯ ಬಗ್ಗೆ ನಮ್ಮಲ್ಲಿರುವ ಉದಾಸೀನ ಹೊಸತೇನಲ್ಲ. ದಫನ ಮಾಡಿ, ದುಆ ಮಾಡಿ ಮನೆಗೆ ಮರಳಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರು, ಆ ಮನೆಯ ವಿಧವೆ ಮತ್ತು ಅನಾಥ ಮಕ್ಕಳ ಹಕ್ಕು ಒಂದು ಕಾಗದದ ಮೇಲೆ ನಿಂತಿದೆ ಎಂಬುದನ್ನು ಮರೆಯುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜಮಾಅತ್‌ಗಳು ತಮ್ಮ ಖಬರಸ್ತಾನಗಳ ದಫನ ದಾಖಲೆಗಳನ್ನು ತೆರೆದು ಆ ಮೂರು ವರ್ಷಗಳನ್ನು ಹೋಲಿಸಿ ನೋಡಲಿ. ದಾಖಲೆ ಇಡದವರು ಇಂದೇ ಆರಂಭಿಸಲಿ. ಮಠ-ಮಂದಿರಗಳೂ ರುದ್ರಭೂಮಿ ಸಮಿತಿಗಳೂ ಇದೇ ಕೆಲಸಕ್ಕೆ ಕೈಜೋಡಿಸಿದರೆ ಅದು ಇಡೀ ಜಿಲ್ಲೆಯ ಸಾಕ್ಷ್ಯವಾಗಬಲ್ಲದು. ರೋಗಿಗಳನ್ನು ಧರ್ಮದ ಹೆಸರಿನಲ್ಲಿ ಎಣಿಸಿದ ಆ ದಿನಗಳಿಗೆ, ಸತ್ತವರನ್ನು ಮನುಷ್ಯರೆಂದು ಎಲ್ಲರೂ ಕೂಡಿ ಎಣಿಸುವುದಕ್ಕಿಂತ ಉತ್ತಮ ಉತ್ತರ ಇನ್ನೊಂದಿರದು.